ಖಾಲಿ ಮಾಡಿದವರ ಬಾಟಲಿಗಳು

ನನ್ನ ಹೆಸರು ಅಂಜಿನಮ್ಮ. ಬೇಗೂರಿನಲ್ಲಿ ಹೆಣ್ಣುಮಕ್ಕಳ ಪೀಜಿ ನಡೆಸುತ್ತೇನೆ. ನಾಲ್ಕು ಮಹಡಿ, ಇಪ್ಪತ್ತೆರಡು ರೂಮು, ಮೇಲೆ ಎರಡು ಸಿಂಟೆಕ್ಸು, ಕೆಳಗೆ ಊಟದ ಹಾಲ್. ಇಷ್ಟೆಲ್ಲ ಇಟ್ಟುಕೊಂಡವಳು ಐವತ್ತಾರು ವರ್ಷದ ಆಯುಸ್ಸಿನಲ್ಲಿ ಮೊನ್ನೆಮೊನ್ನೆಯವರೆಗೆ ಒಂದೇ ಒಂದು ಸಲವೂ ದುಡ್ಡು ಕೊಟ್ಟು ಮುಖದ ಕ್ರೀಮು ಕೊಂಡಿರಲಿಲ್ಲ. ಹಾಗಂತ ಹಚ್ಚಿಕೊಳ್ಳುತ್ತಿರಲಿಲ್ಲ ಅಂದುಕೊಳ್ಳಬೇಡಿ. ಈ ಬೇಗೂರಿನಲ್ಲಿ ನನ್ನಷ್ಟು ಬಗೆಯ ಕ್ರೀಮು ಹಚ್ಚಿದ ಹೆಂಗಸು ಇನ್ನೊಬ್ಬಳಿಲ್ಲ.

ಅದು ಹೇಗೆ ಅಂದರೆ, ರೂಮು ಖಾಲಿ ಮಾಡುವ ಹುಡುಗಿಯರು ಎಲ್ಲವನ್ನೂ ಹೊತ್ತುಕೊಂಡು ಹೋಗುವುದಿಲ್ಲ. ಸೂಟ್‌ಕೇಸು ತುಂಬಿ, ಕ್ಯಾಬ್ ಡ್ರೈವರು ಹಾರ್ನ್ ಹೊಡೆಯುವ ಹೊತ್ತಿಗೆ ಅರ್ಧ ಮುಗಿದ ಶಾಂಪೂ, ತಳ ಕಂಡ ಕ್ರೀಮು, ಮೊಂಡಾದ ಲಿಪ್‌ಸ್ಟಿಕ್ಕು ಎಲ್ಲ ಬಾತ್‌ರೂಮಿನ ಕಿಟಕಿಕಟ್ಟೆಯ ಮೇಲೇ ಉಳಿದುಬಿಡುತ್ತವೆ. ಖಾಲಿ ಮಾಡಿದವರು ಬಿಟ್ಟು ಹೋದದ್ದು ಮನೆಯವರಿಗೆ. ಇದು ನಮ್ಮ ಪೀಜಿಯ ಕಾನೂನು. ಮಾಡಿದವಳು ನಾನೇ, ಹುಡುಗಿಯರಿಗೆ ಹೇಳಿರಲಿಲ್ಲ ಅಷ್ಟೇ.

ನನಗೆ ಈ ಚಪಲ ಹೊಸದಲ್ಲ. ಈಗ ಪೀಜಿ ನಿಂತಿರುವ ಜಾಗದಲ್ಲಿ ಮೊದಲು ನಮ್ಮ ಸೊಪ್ಪಿನ ತೋಟ ಇತ್ತು. ಮದುವೆಯಾಗಿ ಬಂದ ವರ್ಷ ಅಂಗಡಿಯಲ್ಲಿ ಮುಖಕ್ಕೆ ಹಚ್ಚುವ ಸ್ನೋ ಬಾಟಲಿ ಒಂದನ್ನು ನೋಡಿ ಆಸೆಪಟ್ಟಿದ್ದೆ. ನಮ್ಮತ್ತೆ, "ಕೊತ್ತಂಬರಿ ಕಟ್ಟು ಕಟ್ಟೋಳಿಗೆ ಸ್ನೋ ಯಾತಕ್ಕೆ, ಕೊತ್ತಂಬ್ರಿ ಏನು ನಿನ್ ಮೊಖ ನೋಡ್ತದಾ?" ಅಂದಿದ್ದರು. ಅತ್ತೆ ಹೋಗಿ ಹದಿನೆಂಟು ವರ್ಷ ಆಯಿತು, ತೋಟ ಹೋಗಿ ಹದಿನೈದು. ಆದರೂ ಕ್ರೀಮಿಗೆ ಅಂತ ಪರ್ಸಿಗೆ ಕೈ ಹಾಕಿದರೆ ಅತ್ತೆ ಹಿಂದೆ ನಿಂತಿದ್ದಾರೆ ಅನಿಸಿ ಕೈ ವಾಪಸು ಬರುತ್ತಿತ್ತು. ಒಂದು ಸಲ ಧೈರ್ಯ ಮಾಡಿ ಶಾಪಿಂಗ್ ಮಾಲಿಗೆ ಹೋದೆ. ಕಪ್ಪು ಕೋಟು ಹಾಕಿದ ಹುಡುಗಿ ಓಡಿ ಬಂದು, "ಮೇಡಂ, ಸ್ಕಿನ್ ಯಾವ್ದು?" ಅಂತ ಕೇಳಿದಳು. "ನಂದೇ ಕಣಮ್ಮ" ಅಂದೆ. ಅವಳು ನಕ್ಕ ನಗುವಿಗೆ ನಾನು ಎಸ್ಕಲೇಟರೂ ಬೇಡ ಅಂತ ಮೆಟ್ಟಿಲು ಇಳಿದು ಬಂದೆ.

ಆಮೇಲೆ ಕಿಟಕಿಕಟ್ಟೆಯೇ ನನ್ನ ಮಾಲು. ನಾನು ಓದಿದ್ದು ಏಳನೇ ಕ್ಲಾಸು, ಅದೂ ಕನ್ನಡದಲ್ಲಿ. ಬಾಟಲಿಯ ಮೇಲಿನ ಇಂಗ್ಲಿಷು ಓದಲು ಬರುವುದಿಲ್ಲ, ಆದ್ದರಿಂದ ಮೂಸಿ ನೋಡಿ ವಿಂಗಡಿಸುತ್ತಿದ್ದೆ. ಹಣ್ಣಿನ ವಾಸನೆ ಬಂದರೆ ತಲೆಗೆ, ಹೂವಿನ ವಾಸನೆ ಬಂದರೆ ಮುಖಕ್ಕೆ, ಯಾವ ವಾಸನೆಯೂ ಬರದಿದ್ದರೆ ದುಬಾರಿಯದು ಅಂತ ಎತ್ತಿಡುವುದು. ಶಾಂಪೂ ಮುಗಿದ ಬಾಟಲಿಗೆ ನೀರು ಹಾಕಿ ಕುಲುಕಿದರೆ ಇನ್ನೂ ಮೂರು ಸ್ನಾನಕ್ಕೆ ಬರುತ್ತದೆ. ಕ್ರೀಮಿನ ಟ್ಯೂಬನ್ನು ಕತ್ತರಿಯಲ್ಲಿ ಸೀಳಿದರೆ ಒಳಗೆ ಒಂದು ವಾರದ ಮಾಲು ಅಂಟಿಕೊಂಡಿರುತ್ತದೆ. ಲಿಪ್‌ಸ್ಟಿಕ್ಕನ್ನು ಹೇರ್‌ಪಿನ್ನಿನಲ್ಲಿ ಕೆರೆದು ತೆಗೆಯುತ್ತಿದ್ದೆ.

ಎಡವಟ್ಟು ಆಗಲಿಲ್ಲ ಅಂತ ಸುಳ್ಳು ಹೇಳಲಾರೆ. ಕೂದಲಿಗೆ ಹಾಕುವ ಕಂಡೀಶನರನ್ನು ಇಪ್ಪತ್ತು ದಿನ ಮುಖಕ್ಕೆ ಹಚ್ಚಿ ಮಲಗಿದ್ದೆ. ದಿಂಬು ಮಾತ್ರ ನುಣುಪಾಯಿತು. ಇನ್ನೊಂದು ಕ್ರೀಮು ಎರಡು ತಿಂಗಳು ಹಚ್ಚಿದೆ, ಮುಖ ಬೆಣ್ಣೆ ಹಾಗಾಯಿತು. ಖುಷಿಯಿಂದ ಮಗ ಚಿರಂಜೀವಿಗೆ ತೋರಿಸಿದರೆ ಓದಿ ನೋಡಿ, "ಅಮ್ಮಾ, ಇದು ಹಿಮ್ಮಡಿ ಬಿರುಕು ಬಿಟ್ರೆ ಹಚ್ಚೋದು" ಅಂದ. ಆದರೂ ಮುಗಿಯುವವರೆಗೆ ಬಿಡಲಿಲ್ಲ. ಮನೆಯವರು ಕೃಷ್ಣಪ್ಪನವರಂತೂ ನನ್ನನ್ನು ನೋಡಿದಾಗಲೆಲ್ಲ ಮೂಗು ಅರಳಿಸಿ, "ಇವತ್ತು ಯಾವ ರೂಮಿನ ವಾಸ್ನೆನೇ?" ಅನ್ನುತ್ತಿದ್ದರು. ಅವರ ಬಾಯಿಗೆ ಹೆದರಿ ಆಮೇಲೆ ಒಳ್ಳೊಳ್ಳೆಯದನ್ನೆಲ್ಲ ಹಳೇ ಕೆಮ್ಮಿನ ಔಷಧಿ ಬಾಟಲಿಗಳಿಗೆ ಸುರಿದು ಅಡುಗೆಮನೆಯ ಶೆಲ್ಫಿನಲ್ಲಿ ಇಡತೊಡಗಿದೆ.

ಹೀಗೆ ಸುರಿದುಕೊಂಡ ಮೇಲೆ ಉಳಿದ ಅಂದದ ಬಾಟಲಿಗಳು ಚನ್ನಕ್ಕನಿಗೆ. ಚನ್ನಕ್ಕ ಸಿಂದಗಿ ಕಡೆಯವಳು. ಗಂಡ ಇಲ್ಲ. ನಮ್ಮ ಮೆಟ್ಟಿಲ ಕೆಳಗಿನ ರೂಮಿನಲ್ಲಿ ಇದ್ದುಕೊಂಡು ನಾಲ್ಕು ಮಹಡಿಯ ಕಸ, ನೆಲ, ಬಾತ್‌ರೂಮು ಎಲ್ಲ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಆರು ವರ್ಷದಲ್ಲಿ ಹುಡುಗಿಯರು ಮರೆತ ಉಂಗುರ, ಇಯರ್‌ಫೋನು, ನೋಟು, ಏನು ಸಿಕ್ಕರೂ ತಂದು ನನ್ನ ಕೈಗೆ ಕೊಡುತ್ತಿದ್ದಳು. ನಾನು ಅವಳಿಗೆ ಕೊಡುತ್ತಿದ್ದುದು ಬರಿದಾದ ಬಾಟಲಿ. ಕೊಟ್ಟು, ದೊಡ್ಡ ದಾನ ಮಾಡಿದ ಹಾಗೆ ಬೀಗುತ್ತಿದ್ದೆ ಬೇರೆ.

ಇನ್ನು ಕಾವ್ಯಾಳ ವಿಷಯ. ತಿಪಟೂರಿನ ಹುಡುಗಿ, ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಕೆಲಸ, ಎರಡನೇ ಮಹಡಿಯಲ್ಲಿ ವಾಸ. ಅವಳ ಹತ್ತಿರ ಹೆಬ್ಬೆರಳಷ್ಟು ಎತ್ತರದ ಕಂದು ಗಾಜಿನ ಬಾಟಲಿ ಒಂದಿತ್ತು. ಮುಚ್ಚಳಕ್ಕೇ ರಬ್ಬರು, ಒತ್ತಿದರೆ ಹನಿ ಹನಿ ಬೀಳುತ್ತದೆ. ಮುಖಕ್ಕೆ ಹಚ್ಚುವ ಸೀರಮ್ಮು ಅಂತೆ. ಯಾವ ವಾಸನೆಯೂ ಇರಲಿಲ್ಲ. ಅಲ್ಲಿಗೇ ನನಗೆ ಅದರ ಬೆಲೆ ಗೊತ್ತಾಗಿತ್ತು.

ಒಂದು ದಿನ ನಾನು ಬಟ್ಟೆ ಒಣಹಾಕಲು ಹೋಗುವಾಗ ಅವಳು ಕಾರಿಡಾರಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. "ಈ ತಿಂಗ್ಳು ಖಾಲಿ ಮಾಡ್ಬಿಡ್ತೀನಿ ಕಣೇ. ತುಂಬಾ ಜಾಸ್ತಿ ಆಯ್ತು ಇದು. ಆಮೇಲೆ ಕಮ್ಮೀದು ಯಾವ್ದಾದ್ರೂ ನೋಡ್ಕೊತೀನಿ." ನನಗೆ ಉರಿದುಹೋಯಿತು. ಬೆಳಿಗ್ಗೆ ಎರಡು ಬಗೆ ತಿಂಡಿ, ಬಿಸಿನೀರು, ವೈಫೈ, ಇಷ್ಟೆಲ್ಲ ಕೊಟ್ಟರೂ ನನ್ನ ಪೀಜಿ ಇವಳಿಗೆ ಜಾಸ್ತಿ ಆಯಿತಾ! ಕೇಳಿಬಿಡೋಣ ಅನಿಸಿತು, ಸ್ವಾಭಿಮಾನ ಅಡ್ಡ ಬಂತು. ಹೋಗಲಿ, ನಮಗೇನು ಹುಡುಗಿಯರ ಬರವೇ ಅಂದುಕೊಂಡೆ. ಅಡ್ವಾನ್ಸು, ನೋಟೀಸು ಎಲ್ಲ ಚಿರಂಜೀವಿಯ ಮೊಬೈಲಿನಲ್ಲೇ ನಡೆಯುವುದರಿಂದ ನಾನು ಆ ಕಡೆ ತಲೆ ಹಾಕಲಿಲ್ಲ.

ತಿಂಗಳ ಕೊನೆಯ ಶುಕ್ರವಾರ ಸಂಜೆ ಕಾವ್ಯಾ ದೊಡ್ಡ ಬ್ಯಾಗು ಹೊತ್ತು ಹೊರಟಳು. "ಬರ್ತೀನಿ ಆಂಟಿ" ಅಂದಳು. ನಾನು ಬಿಗುಮಾನದಿಂದ "ಹೂಂ" ಅಂದೆ. ಶನಿವಾರ ಬೆಳಿಗ್ಗೆ ಅವಳ ರೂಮನ್ನೂ ಇಣುಕದೆ ನೇರ ಎರಡನೇ ಮಹಡಿಯ ಬಾತ್‌ರೂಮಿಗೆ ಹೋಗಿ ನೋಡಿದರೆ ಕಿಟಕಿಕಟ್ಟೆಯ ಮೇಲೆ ಆ ಕಂದು ಬಾಟಲಿ ಬಿಸಿಲಿಗೆ ಮಿಂಚುತ್ತಾ ಕೂತಿತ್ತು. ಅರ್ಧದಷ್ಟು ಹಾಗೇ ಇತ್ತು. ನನ್ನ ಸಿಟ್ಟೆಲ್ಲ ಇಳಿದು, ಆ ಹುಡುಗಿ ಚೆನ್ನಾಗಿರಲಿ ಅಂತ ಮನಸ್ಸಿನಲ್ಲೇ ಹರಸಿದೆ.

ಸೀರಮ್ಮು ಕೆಮ್ಮಿನ ಬಾಟಲಿಗೆ ಹೋಯಿತು. ಬಕೆಟ್ಟು ಹಿಡಿದು ಬಂದ ಚನ್ನಕ್ಕ ಬರಿದಾದ ಬಾಟಲಿ ನೋಡಿ, "ಅಕ್ಕಾರ, ಇದು ನನಗ ಕೊಡ್ರಿ. ಕಿವಿಗೆ ಎಣ್ಣಿ ಬಿಟ್ಕೊಳ್ಳಾಕ ಭಾಳ ಚಲೋ ಆಕ್ಕೈತಿ" ಅಂದಳು. ಕೊಟ್ಟೆ. ನಾನು ಆ ಎರಡು ದಿನ, ದಿನಕ್ಕೆ ಮೂರು ಸಲ, ಅಂಗೈಗೆ ಸುರಿದುಕೊಂಡು ಮುಖಕ್ಕೆ ತಿಕ್ಕಿದೆ. ಭಾನುವಾರಕ್ಕೆ ಮುಖ ಕೆಂಪಾಯಿತು, ಬಣ್ಣ ಬರುತ್ತಿದೆ ಅಂದುಕೊಂಡೆ. ಸೋಮವಾರ ಕೆನ್ನೆಯ ಮೇಲೆ ಸಿಪ್ಪೆ ಏಳತೊಡಗಿತು, ಹಳೇ ಚರ್ಮ ಹೋಗಿ ಹೊಸದು ಬರುತ್ತಿದೆ ಅಂದುಕೊಂಡೆ. ಕೃಷ್ಣಪ್ಪನವರು ಮಾತ್ರ, "ಏನೇ, ಬಿಸಿನೀರ್ ಉಯ್ಕೊಂಡ್ಯಾ?" ಅಂದರು.

ಅದೇ ಸೋಮವಾರ ಬೆಳಿಗ್ಗೆ ಕಾವ್ಯಾ ಗೇಟು ತೆಗೆದುಕೊಂಡು ಒಳಗೆ ಬಂದಳು. ಕೈಯಲ್ಲಿ ಒಂದು ಡಬ್ಬಿ. "ಅಮ್ಮ ನಿಮ್ಗೆ ಅಂತ ಕೊಬ್ಬರಿ ಮಿಠಾಯಿ ಕೊಟ್ಟಿದಾರೆ ಆಂಟಿ."

"ಏನವ್ವ, ಏನಾದ್ರೂ ಮರೆತು ಓಗಿದ್ಯಾ?" ಅಂದೆ.

"ಇಲ್ಲ ಆಂಟಿ, ಊರಿಗೆ ಹೋಗಿದ್ದೆ. ಯಾಕೆ?"

"ಅಲ್ಲ, ಖಾಲಿ ಮಾಡ್ತೀನಿ ಅಂತಿದ್ಯಲ್ಲ?"

"ನಾನಾ? ಇಲ್ವಲ್ಲ!" ಅನ್ನುತ್ತಾ ಮೆಟ್ಟಿಲು ಹತ್ತಿ ಹೋದಳು. ಆಗಲೇ ಹಿಂದೆ ಓಡಿ ಹೋಗಿ ಹೇಳಬಹುದಿತ್ತು. ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿದು, ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ನಾನು ಮಾತ್ರ ಇಪ್ಪತ್ತೆರಡು ರೂಮಿನ ಯಜಮಾನಿ, ಹುಡುಗಿಯ ಬಾಟಲಿ ಎತ್ತಿದೆ ಅಂತ ಹೇಗೆ ಹೇಳಲಿ ಅಂತ ಅಡುಗೆಮನೆ ಸೇರಿಕೊಂಡೆ.

ಸಂಜೆ ಹುಡುಗಿಯರು ಊಟದ ಹಾಲ್‌ನಲ್ಲಿ ಟೀ ಕುಡಿಯುತ್ತಿದ್ದಾಗ ಕಾವ್ಯಾ ಬಂದು ಕೇಳಿದಳು. "ಆಂಟಿ, ಬಾತ್‌ರೂಮಲ್ಲಿ ನನ್ ಸೀರಮ್ ಬಾಟಲ್ ಇತ್ತು, ನೋಡಿದ್ರಾ? ದುಬಾರಿದು, ಅದಕ್ಕೇ ಈ ತಿಂಗ್ಳು ಖಾಲಿ ಮಾಡಿ ಆಮೇಲೆ ಕಮ್ಮೀದು ತಗೊಳ್ಳೋಣ ಅಂತಿದ್ದೆ. ಇನ್ನೂ ಅರ್ಧ ಇತ್ತು."

ಖಾಲಿ ಅಂದದ್ದು ಯಾವುದನ್ನು ಅಂತ ಆಗ ಗೊತ್ತಾಯಿತು. ಅಷ್ಟರಲ್ಲಿ ಅವಳ ರೂಮಿನ ಯಮುನಾ, "ಬಾತ್‌ರೂಮು ದಿನಾ ಕ್ಲೀನ್ ಮಾಡೋದು ಚನ್ನಕ್ಕ ಒಬ್ರೇ ಅಲ್ವಾ" ಅಂದಳು. ಕಾವ್ಯಾ, "ಛೇ, ಹಂಗಲ್ಲ, ಸುಮ್ನೆ ಕೇಳಿ ನೋಡಿ ಆಂಟಿ" ಅಂದಳು. ನಾನು ಏನು ಹೇಳಿದೆ ಗೊತ್ತೇ? "ವಿಚಾರಿಸ್ತೀನಿ ಬಿಡಮ್ಮ" ಅಂದೆ.

ಚನ್ನಕ್ಕ ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದಳು. ಎಲ್ಲವೂ ಕೇಳಿಸಿತ್ತು. ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದು ಹೋದಳು. ಬರುವಾಗ ತನ್ನ ತಗಡಿನ ಟ್ರಂಕನ್ನೇ ಹೊತ್ತು ತಂದು ಹಾಲ್‌ನ ನಡುವೆ ಇಟ್ಟಳು. "ನೋಡ್ರಿ ಬಾಯಾರ. ನನ್ನ ಮ್ಯಾಲ ಸಂಶೆ ಬ್ಯಾಡ" ಅಂತ ಮುಚ್ಚಳ ತೆಗೆದಳು.

ಎರಡು ಸೀರೆ, ಒಂದು ಫೋಟೋ, ಕುಂಕುಮದ ಡಬ್ಬಿ, ಬಾಚಣಿಗೆ. ಬದಿಯಲ್ಲಿ ಆ ಕಂದು ಬಾಟಲಿ, ಒಳಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಕೊಟ್ಟದ್ದು ಕದ್ದದ್ದರ ಹಾಗೆ ಕಾಣಬಹುದು ಅಂತ ಪಾಪ ಅವಳಿಗೆ ಹೊಳೆದೇ ಇರಲಿಲ್ಲ.

"ಇದೇ ಬಾಟಲ್" ಅಂದಳು ಯಮುನಾ.

ಚನ್ನಕ್ಕ ಬಾಟಲಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನ್ನ ಹೆಸರು ಹೇಳಬಹುದಿತ್ತು, ಹೇಳಲಿಲ್ಲ. ನಾನು ಹೇಳಲಿ ಅಂತ ಕಾದಳು. ಅಡುಗೆಮನೆಯಲ್ಲಿ ಕುಕ್ಕರು ಒಂದು ವಿಷಲ್ ಹಾಕಿತು. ಎರಡನೇ ವಿಷಲ್ ಆಯಿತು. ಬೇಳೆ ಬೆಂದಿತೇನೋ ಅನ್ನುವ ಯೋಚನೆ ಬಂತು ನನಗೆ, ಅಂಥ ಹೊತ್ತಿನಲ್ಲಿ! ಮೂರನೆಯದಕ್ಕೆ ಬಾಯಿ ಬಿಟ್ಟೆ.

"ನಾನೇ ತಗೊಂಡಿದ್ದು ಕಾವ್ಯಾ. ಅವಳಿಗೆ ಬರೀ ಬಾಟ್ಲಿ ಕೊಟ್ಟೆ."

ಒಳಗೆ ಹೋಗಿ ಕೆಮ್ಮಿನ ಔಷಧಿ ಬಾಟಲಿ ತಂದು ಕಾವ್ಯಾಳ ಮುಂದೆ ಇಟ್ಟೆ. ಕಿಟಕಿಕಟ್ಟೆಯ ಕಾನೂನನ್ನೂ ಹೇಳಿದೆ, ಹಿಮ್ಮಡಿ ಕ್ರೀಮಿನ ಕತೆಯನ್ನೂ ಹೇಳಿದೆ. ಕಾವ್ಯಾ ಬಾಟಲಿಯನ್ನೂ ನನ್ನ ಮುಖವನ್ನೂ ನೋಡಿದಳು. "ಅಯ್ಯೋ ಆಂಟಿ, ಅದಕ್ಕೇನಾ ಮುಖ ಹಿಂಗೆ ಸುಲಿದಿರೋದು? ಅದು ರಾತ್ರಿ ಎರಡೇ ಎರಡು ಡ್ರಾಪ್ ಹಾಕೋದು!" ಅಂದವಳೇ ನಗಲು ಶುರುಮಾಡಿದಳು. ಯಮುನಾ ನಕ್ಕಳು, ಉಳಿದವರೂ ನಕ್ಕರು. ಎದೆಯ ಭಾರ ಇಳಿದು ನಾನೂ ನಕ್ಕೆ. ಹೊಸ ಬಾಟಲಿ ತರಿಸಿಕೊಡುತ್ತೇನೆ ಅಂದೆ. ಯಮುನಾ ಹೋಗಿ ಚನ್ನಕ್ಕನಿಗೆ "ಸಾರಿ ಅಕ್ಕಾ" ಅಂದಳು. ಚನ್ನಕ್ಕ ಹೂಂ ಅಂದು, ಸೀರೆಗಳನ್ನು ಮತ್ತೆ ಮಡಚಿ ಟ್ರಂಕಿಗೆ ಇಡುತ್ತಿದ್ದಳು. ಅವಳು ನಗಲಿಲ್ಲ ಅನ್ನುವುದನ್ನು ನಾನು ಗಮನಿಸಿದ್ದು ಆಮೇಲೆ.

ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಆ ವಾರವೇ ಕಾವ್ಯಾಳ ಹೊಸ ಬಾಟಲಿ ಬಂತು, ಜೊತೆಗೆ ನನಗೂ ಒಂದು ಕ್ರೀಮು ಅವಳ ಕೈಯಲ್ಲೇ ತರಿಸಿದೆ, ಜೀವನದಲ್ಲಿ ಮೊದಲ ಸಲ ದುಡ್ಡು ಕೊಟ್ಟು. ಅತ್ತೆ ಹಿಂದೆ ಬಂದು ನಿಲ್ಲಲಿಲ್ಲ. ಚನ್ನಕ್ಕನಿಗೂ ಒಂದು ತರಿಸಿದ್ದೆ. "ಬ್ಯಾಡ್ರಿ" ಅಂದಳು.

ಮುಂದಿನ ತಿಂಗಳು ಒಂದು ಬೆಳಿಗ್ಗೆ ಅವಳು ಸೆರಗು ಸರಿಮಾಡಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಅಕ್ಕಾರ, ಈ ತಿಂಗಳ ಖಾಲಿ ಮಾಡ್ತೀನ್ರಿ."

ಈ ಸಲ ಅರ್ಥ ಮಾಡಿಕೊಳ್ಳುವುದರಲ್ಲಿ ನಾನು ತಪ್ಪಲಿಲ್ಲ. ರಾಜಗೋಪಾಲನಗರದಲ್ಲಿ ಅವಳ ಅಕ್ಕ ಮಹಾಂತಮ್ಮ ಇದ್ದಾಳೆ, ಅಲ್ಲೊಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಕೆಲಸ ಹೇಳಿದ್ದಾಳಂತೆ.

"ಸಂಬಳ ಜಾಸ್ತಿ ಮಾಡ್ತೀನಿ ಚನ್ನಕ್ಕ. ಅವತ್ತು ನಾನೇ ಒಪ್ಕೊಂಡ್ನಲ್ಲ, ಎಲ್ಲರ್ ಮುಂದೂ ಏಳಿದ್ನಲ್ಲ" ಅಂದೆ.

"ಹೇಳಿದ್ರಿ. ಖರೇನ" ಅಂದಳು. "ಆದ್ರ ಟ್ರಂಕು ತೆರೆದ ಮ್ಯಾಲ ಹೇಳಿದ್ರಿ."

ಅವಳು ಹೋದ ದಿನ ಅಡುಗೆಮನೆಯಲ್ಲಿ ಸುಮ್ಮನೆ ಈರುಳ್ಳಿ ಹೆಚ್ಚುತ್ತಾ ಅತ್ತುಬಿಟ್ಟೆ. ಯಾರಾದರೂ ಬಂದರೆ ಈರುಳ್ಳಿಯ ಮೇಲೆ ಹಾಕೋಣ ಅಂತ, ನೋಡಿ, ಅಳುವುದಕ್ಕೂ ನನಗೊಂದು ನೆಪ ಬೇಕು.

ಮಾರನೇ ದಿನ ಎರಡನೇ ಮಹಡಿಯ ಬಾತ್‌ರೂಮಿಗೆ ಹೋದೆ. ಕಿಟಕಿಕಟ್ಟೆಯ ಮೇಲೆ ಆ ಕಂದು ಬಾಟಲಿ ಇತ್ತು. ಚನ್ನಕ್ಕ ಎಣ್ಣೆಯ ಜಿಡ್ಡು ಒಂದಿಷ್ಟೂ ಇಲ್ಲದ ಹಾಗೆ ತೊಳೆದು, ಒರೆಸಿ, ಮುಚ್ಚಳ ಹಾಕಿ ಇಟ್ಟು ಹೋಗಿದ್ದಳು.

ಈಗ ಕೆಲಸಕ್ಕೆ ಹೊಸಬಳು ಸುಮಂಗಲಾ ಬಂದಿದ್ದಾಳೆ. ಮೊದಲ ದಿನ ಕಿಟಕಿಕಟ್ಟೆ ಒರೆಸುವಾಗ ಬಾಟಲಿಯನ್ನು ಎತ್ತಿ ಹಿಡಿದು, "ಆಂಟಿ, ಇದು ಯಾರ್ದು? ಬಿಸಾಕ್ಲಾ?" ಅಂತ ಕೂಗಿ ಕೇಳಿದಳು. ಕಾರಿಡಾರಿನಲ್ಲಿ ನಾಲ್ಕೈದು ಹುಡುಗಿಯರಿದ್ದರು.

"ನಂದೇ ಕಣಮ್ಮ" ಅಂದೆ. "ಅಲ್ಲೇ ಇರ್ಲಿ."