ಬುಧವಾರದ ತಿಥಿ, ಗುರುವಾರದ ಹಿಮ

ನನ್ನ ಮಗಳು ‘ಇಟ್ಸ್ ಫೈನ್’ ಎಂದರೆ ನನಗೆ ಭಯವಾಗುತ್ತದೆ. ಕೂಗಾಡಿದರೆ, ಬಾಗಿಲು ಬಡಿದರೆ ಹೇಗೋ ಸಂಭಾಳಿಸಬಹುದು. ಹದಿನಾಲ್ಕು ವರ್ಷದ ಹುಡುಗಿ ತಣ್ಣಗೆ ‘ಇಟ್ಸ್ ಫೈನ್’ ಎಂದು ತಟ್ಟೆ ಎತ್ತಿಕೊಂಡು ಹೋದಳೆಂದರೆ ಮುಗಿಯಿತು, ಆ ವಿಷಯ ಮತ್ತೆ ಅವಳ ಬಾಯಿಂದ ಬರುವುದಿಲ್ಲ. ಒಮ್ಮೆ ಅವಳ ಶಾಲೆಯವರು ಆಲ್ಪ್ಸ್‌ಗೆ ಸ್ಕೀ ಪ್ರವಾಸ ಹೊರಡಿಸಿದಾಗ ನಾವು ಬೇಡವೆಂದೆವು. ಸರಿಯಾಗಿ ಹೇಳಬೇಕೆಂದರೆ ಬೇಡವೆಂದದ್ದು ನನ್ನ ಗಂಡ. ಅವರು ಮೂಳೆ ಡಾಕ್ಟರು. ಪ್ರತಿ ಫೆಬ್ರವರಿಯ ಕೊನೆಗೆ ಮುರಿದ ಮಣಿಕಟ್ಟು, ತಿರುಚಿದ ಮೊಣಕಾಲು ಹೊತ್ತು ಆಲ್ಪ್ಸ್‌ನಿಂದ ಮರಳುವವರನ್ನು ನೋಡಿ ನೋಡಿ, ಹಿಮ ಎಂದ ಕೂಡಲೇ ಅವರ ಕಣ್ಣಮುಂದೆ ಎಕ್ಸ್‌ರೇ ಬರುತ್ತದೆ. ಮಗಳು ‘ಇಟ್ಸ್ ಫೈನ್’ ಎಂದಳು. ಆಮೇಲೆ ಇಡೀ ವರ್ಷ ನಮ್ಮನ್ನು ಏನೂ ಕೇಳಲಿಲ್ಲ, ಹುಟ್ಟುಹಬ್ಬಕ್ಕೂ.

ಹಾಗಾಗಿ ಮರುವರ್ಷ ಅಕ್ಟೋಬರಿನಲ್ಲಿ ಅವಳೇ ಬಂದು, ಫೆಬ್ರವರಿಯ ಹಾಫ್ ಟರ್ಮ್ ರಜೆಯಲ್ಲಿ ನಾವು ಮೂವರೂ ಸ್ಕೀ ಕಲಿಯಲು ಹೋಗೋಣವೇ ಎಂದು ಕೇಳಿದಾಗ, ಗಂಡ ಬಾಯಿ ತೆರೆಯುವ ಮೊದಲೇ ನಾನು ಹೂಂ ಎಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಆ ವಾರದಿಂದ ನಮ್ಮ ಹ್ಯಾರೋ ಮನೆಯ ಊಟದ ಮೇಜು ಟ್ರಾವೆಲ್ ಆಫೀಸಾಯಿತು. ವಿಮಾನದಲ್ಲಿ ಜಿನೀವಾಗೆ ಹೋಗಿ ಬಸ್ಸು ಹಿಡಿಯುವುದೇ, ಕಾರಿನಲ್ಲೇ ಫ್ರಾನ್ಸ್ ದಾಟುವುದೇ, ರೈಲೇ? ಅಭ್ಯಾಸವಿಲ್ಲದ ಬಲಬದಿಯಲ್ಲಿ, ಹಿಮದ ರಸ್ತೆಯಲ್ಲಿ, ಚಕ್ರಕ್ಕೆ ಸರಪಳಿ ಕಟ್ಟಿ ಕಾರು ಓಡಿಸಲು ಗಂಡ ಸುತರಾಂ ಒಪ್ಪಲಿಲ್ಲ. ಕೊನೆಗೆ ರೈಲು ನಿಶ್ಚಯವಾಯಿತು. ಪ್ಯಾರಿಸ್ಸಿನಲ್ಲಿ ಇಳಿದು, ಸ್ಟೇಷನ್ನು ಬದಲಿಸಿ, ಬೆಟ್ಟದ ಬುಡದವರೆಗೆ ಇನ್ನೊಂದು ರೈಲು, ಅಲ್ಲಿಂದ ಬಸ್ಸು. ಪಾಠದ ವಿಷಯದಲ್ಲಿ ಮಾತ್ರ ಮಗಳು ಪಟ್ಟು ಹಿಡಿದಳು. ಅವಳ ವಯಸ್ಸಿನವರ ಗುಂಪು ಬೇರೆ, ದೊಡ್ಡವರ ಗುಂಪು ಬೇರೆ ಇತ್ತು. ಅವಳಿಗೆ ಎರಡೂ ಬೇಡ. ಮೂವರಿಗೂ ಸೇರಿ ಒಬ್ಬರೇ ಮೇಷ್ಟರು ಬೇಕು, ಸೋಮವಾರದಿಂದ ಶುಕ್ರವಾರ, ದಿನಾ ಬೆಳಿಗ್ಗೆ. ಗುರುತಿಲ್ಲದವರ ಮುಂದೆ ಬೀಳಲು ನಾಚಿಕೆ ಇರಬೇಕು ಎಂದುಕೊಂಡು ಒಪ್ಪಿದೆವು.

ಮುಂಗಡ ಕಟ್ಟುವ ಮೊದಲು ಗಂಡ ಕೇಳಿದ್ದು ಒಂದೇ ಪ್ರಶ್ನೆ, ಅದೂ ತಮ್ಮ ತಾಯಿಯನ್ನು. ನನ್ನ ಮಾವನವರ ತಿಥಿ ಮಾಘ ಶುದ್ಧ ಚೌತಿ. ಮಾವ ಮೈಸೂರಿನಲ್ಲಿ ತೀರಿಕೊಂಡ ದಿನ ನನ್ನ ಗಂಡ ಆಪರೇಷನ್ ಥಿಯೇಟರಿನಲ್ಲಿದ್ದರು. ಸುದ್ದಿ ತಿಳಿದು ವಿಮಾನ ಹಿಡಿದು ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಒಬ್ಬನೇ ಮಗ. ಅಂದಿನಿಂದ ಒಂದು ವರ್ಷವೂ ಅವರು ಶ್ರಾದ್ಧ ತಪ್ಪಿಸಿಲ್ಲ, ವೆಂಬ್ಲಿಯ ದೇವಸ್ಥಾನದ ಪುರೋಹಿತರಿಗೆ ಕಫ ಕಟ್ಟಿ ಮಾತು ಹೊರಡದ ವರ್ಷವೂ.

ನಮ್ಮ ಜೊತೆಗೇ ಇರುವ ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. "ಹೋದ ಸಲ ಜನವರಿ ಕೊನೇಲಿ ಬಂದಿತ್ತು ಕಣೋ. ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಹೋಗುತ್ತೆ. ಈ ಸಲ ಸಂಕ್ರಾಂತಿ ಆಸುಪಾಸು. ಅದು ಮುಗಿಸ್ಕೊಂಡು ಆರಾಮಾಗಿ ಹೋಗಿಬನ್ನಿ."

ಹೊಸ ವರ್ಷದ ಕ್ಯಾಲೆಂಡರ್ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಅತ್ತೆಯ ಲೆಕ್ಕ ತಪ್ಪಿದ್ದನ್ನು ಯಾರೂ ಕಂಡಿರಲೂ ಇಲ್ಲ. ಟಿಕೆಟ್ ಆಯಿತು, ಪಾಠ ಆಯಿತು.

ಡಿಸೆಂಬರಿನಲ್ಲಿ ಒಂದು ಭಾನುವಾರ ಊರಾಚೆಯ ಒಳಾಂಗಣ ಹಿಮದ ಇಳಿಜಾರಿಗೆ ಹೋಗಿದ್ದೆವು, ಸ್ವಲ್ಪ ಅಭ್ಯಾಸವಾಗಲಿ ಎಂದು. ಅಲ್ಲಿಯ ಹುಡುಗಿ ಮತ್ತೆ ಮತ್ತೆ ಹೇಳಿಕೊಟ್ಟದ್ದು ಒಂದೇ: ಮೊಣಕಾಲು ಮಡಚಿ, ಮುಂದಕ್ಕೆ ಬಾಗಿ, ಹಿಂದಕ್ಕೆ ವಾಲಿದರೆ ಬೀಳುತ್ತೀರಿ. ನಾನು ಎಷ್ಟು ಸಲ ಬಿದ್ದೆನೋ ಲೆಕ್ಕವಿಲ್ಲ. ಮಗಳು ನಕ್ಕಳು. ಗಂಡ ಮಾತ್ರ ಆಸ್ಪತ್ರೆಯಿಂದ ಫೋನು ಬಂತೆಂದು ಹೊರಗೆ ಕಾರಿನಲ್ಲೇ ಉಳಿದರು. ಮಗಳು ಗಾಜಿನಾಚೆ ಎರಡು ಸಲ ಇಣುಕಿ ನೋಡಿದ್ದನ್ನು ನಾನು ಕಂಡೆ.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ತಿನ್ನುತ್ತಾ ಗಂಡ ಪುರೋಹಿತರಿಗೆ ಫೋನು ಹಚ್ಚಿದರು. ಸ್ಪೀಕರ್ ಹಾಕಿತ್ತು. ಈ ವಾರವೇ ಇರಬೇಕಲ್ಲ, ಯಾವ ದಿನ ಎಂದು ಕೇಳಿದರು.

"ಈ ವಾರ ಎಲ್ಲಿ ಸಾರ್? ಈ ಸಲ ಅಧಿಕ ಮಾಸ ಬಂದಿತ್ತಲ್ಲ. ಎಲ್ಲಾ ಮುಂದಕ್ಕೆ ಹೋಗಿದೆ. ನಿಮ್ಮ ತಂದೆಯವರ ತಿಥಿ ಫೆಬ್ರವರಿ ಮಧ್ಯದಲ್ಲಿ ಬರುತ್ತೆ, ಮಕ್ಕಳ ರಜೆ ಇರೋ ವಾರ. ಬುಧವಾರ."

ನಾವು ಹೊರಡಬೇಕಾದ ವಾರವೇ. ಅಧಿಕ ಮಾಸ. ಹೋದ ಬೇಸಿಗೆಯಲ್ಲಿ ನಮ್ಮ ಅಡುಗೆಮನೆಯಲ್ಲೇ ಅತ್ತೆ ಮೂವತ್ತಮೂರು ಅತಿರಸ ಕರಿದು, ದೀಪ ಇಟ್ಟು ದಾನ ಕೊಟ್ಟಿದ್ದರು. ಎಣ್ಣೆ ಹೊಗೆಗೆ ಅಲಾರಂ ಕೂಗಿ, ನಾನು ಸ್ಟೂಲು ಹತ್ತಿ ಅದರ ಬಾಯಿ ಮುಚ್ಚಿಸಿದ್ದೆ. ಅಷ್ಟೆಲ್ಲ ಆಚರಿಸಿದ ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಮನೆಮಂದಿಯೆಲ್ಲ ಮರೆತಿದ್ದೆವು. ಅತ್ತೆ ಎಳ್ಳಿನ ಬಟ್ಟಲನ್ನು ಕೆಳಗಿಟ್ಟು, ತಮ್ಮ ಬೆರಳುಗಳನ್ನೇ ನೋಡುತ್ತಾ ಕುಳಿತರು.

ಗಂಡ ಫೋನು ಇಟ್ಟು ಹೇಳಿದರು: "ಕ್ಯಾನ್ಸಲ್ ಮಾಡೋಣ. ಮುಂದಿನ ವರ್ಷ ನೋಡೋಣ."

ಮೇಜಿನ ಆ ಬದಿಯಲ್ಲಿ ಕೂತಿದ್ದ ಮಗಳು ತಲೆ ಎತ್ತಿದಳು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಆ ಎರಡು ಪದ ಬೇಡ, ಬೇಕಾದರೆ ಬಟ್ಟಲು ಒಡೆದು ಹಾಕು.

"ಇಟ್ಸ್ ಫೈನ್," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತು ವರ್ಷ ಮೈಸೂರಿನವರ ಮನೆಯಲ್ಲಿ ಬಾಳಿದರೂ ಸಿಟ್ಟು ಬಂದರೆ ನನ್ನ ಬಾಯಲ್ಲಿ ಧಾರವಾಡವೇ ಬರುವುದು. "ಯಾಕ ಕ್ಯಾನ್ಸಲ್ ಮಾಡಬೇಕ್ರೀ? ನೀವು ಇಲ್ಲಿ ಇರ್ರಿ, ತಿಥಿ ಮಾಡ್ರಿ. ನಾನು ಇಕಿನ್ನ ಕರಕೊಂಡು ಹೋಗ್ತೇನಿ."

"ನೀನೊಬ್ಬಳೇನಾ? ಅಲ್ಲಿ ಯಾರಿಗಾದ್ರೂ ಏನಾದ್ರೂ ಆದ್ರೆ?"

"ಅಲ್ಲೇನು ಮೂಳಿ ಡಾಕ್ಟರು ಇಲ್ಲೇನು? ಜಗತ್ತಿನ್ಯಾಗ ನೀವೊಬ್ಬರ ಏನು?"

ಮಾತಿಗೆ ಮಾತು ಬೆಳೆಯಿತು. ಕಣ್ಣಿನ ಡಾಕ್ಟರಾದ ನಿನಗೇನು ಗೊತ್ತು ಮೊಣಕಾಲಿನ ವಿಷಯ ಎಂದರು ಅವರು. ಕಣ್ಣೆದುರಿಗೆ ಇದ್ದದ್ದು ನಿಮಗೆ ಕಾಣೂದಿಲ್ಲ ಎಂದೆ ನಾನು. ಆಗ ಮಗಳು ಎದ್ದು ನಿಂತು ಇಂಗ್ಲಿಷಿನಲ್ಲಿ ಮಾತಾಡಿದಳು, ದನಿ ಏರಿಸದೆ. ಅಮ್ಮನ ಜೊತೆ ಮಾತ್ರ ಹೋಗುವುದಾದರೆ ತನಗೆ ಬೇಡ. ಬರೀ ಸ್ಕೀ ಕಲಿಯುವುದೇ ಆಗಿದ್ದರೆ ಈ ವರ್ಷವೂ ಶಾಲೆಯವರ ಜೊತೆ ಹೋಗುತ್ತೇನೆಂದು ಕೇಳುತ್ತಿದ್ದೆ ಎಂದಳು. ಆ ಬೆಟ್ಟದ ಮೇಲಿದ್ದರೆ ಯಾರಿಗೂ ಅಪ್ಪನನ್ನು ಆಸ್ಪತ್ರೆಗೆ ವಾಪಸ್ ಕರೆಯಲು ಆಗುವುದಿಲ್ಲ ಎಂದು ಮೂವರನ್ನೂ ಕರೆದೆ. ಅಷ್ಟು ಹೇಳಿ ಬಟ್ಟಲನ್ನು ಸಿಂಕಿನಲ್ಲಿಟ್ಟು ಮೇಲೆ ಹೋದಳು.

ಮೂವರಿಗೂ ಒಬ್ಬರೇ ಮೇಷ್ಟರು ಏಕೆ ಬೇಕಿತ್ತೆಂದು ನನಗೆ ಆಗ ಅರ್ಥವಾಯಿತು. ಗಂಡನ ಮುಖ ನೋಡಲಾಗಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಇತ್ತು, ಮರುಕವೂ ಇತ್ತು.

ಅತ್ತೆ ಎಳ್ಳಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಮಗನ ಕಡೆ ತಿರುಗಿದರು. "ಬುಧವಾರ ಪಿಂಡ ಇಟ್ಟ ಮೇಲೆ ಗುರುವಾರ ನಿನಗೇನು ಕೆಲಸ ಇಲ್ಲಿ?"

"ಎರಡೇ ದಿನಕ್ಕೆ ಹೋಗೋದಾ ಅಮ್ಮ?"

"ಅವಳನ್ನೇ ಕೇಳು ಹೋಗು."

ಅವರು ಮೇಲೆ ಹೋದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಕೆಳಗೆ ಬಂದವರೇ ಗುರುವಾರದ ಮೊದಲ ವಿಮಾನಕ್ಕೆ ಜಿನೀವಾ ಟಿಕೆಟ್ ತೆಗೆದರು. ಮಗಳನ್ನು ವಿಚಾರಿಸಿದೆ. ‘ವಿ ವಿಲ್ ಸೀ’ ಎಂದಳು.

ನನಗೂ ನಂಬಿಕೆ ಇರಲಿಲ್ಲ. ಬೆಟ್ಟದ ಮೇಲಿದ್ದರೆ ಸರಿ, ಮೂರು ದಿನ ಹ್ಯಾರೋದಲ್ಲೇ ಇರುವ ಮೂಳೆ ಡಾಕ್ಟರನ್ನು ಯಾವ ಆಸ್ಪತ್ರೆ ಬಿಡುತ್ತದೆ? ಜೊತೆಯ ಡಾಕ್ಟರೊಬ್ಬರಿಗೆ ಜ್ವರ ಬಂದರೆ ಸಾಕು, ಇವರು ಬ್ಯಾಗ್ ಹಿಡಿದು ಹೊರಡುವವರೇ. ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿಗೆ ಬಿಡಲು ಬಂದಾಗಲೂ ಅವರ ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಲೇ ಇತ್ತು. ಮಗಳು ಅದನ್ನು ಕೇಳಿಯೂ ಕೇಳದಂತೆ ಸೂಟ್‌ಕೇಸ್ ಎಳೆದುಕೊಂಡು ಹೋದಳು. ಪ್ಯಾರಿಸ್ಸಿನಲ್ಲಿ ಸ್ಟೇಷನ್ನು ಬದಲಿಸುವಾಗ ನಾನು ದಾರಿ ತಪ್ಪಿದೆ, ಮಗಳೇ ಕೈಹಿಡಿದು ನಡೆಸಿಕೊಂಡು ಹೋಗಬೇಕಾಯಿತು.

ಮೂರು ದಿನ ಪಾಠಕ್ಕೆ ಇಬ್ಬರೇ ಹೋದೆವು. ಮೇಷ್ಟರು ಮೊದಲ ದಿನ ಮೂರನೆಯವರೆಲ್ಲಿ ಎಂದು ಕೇಳಿದರು. ಮಗಳು ಬಗ್ಗಿ ಬೂಟಿನ ಕೊಂಡಿ ಬಿಗಿದಳು. ಬುಧವಾರ ಸಂಜೆ ಗಂಡ ಫೋನು ಮಾಡಿ ಶ್ರಾದ್ಧ ಸಾಂಗವಾಗಿ ಆಯಿತೆಂದರು, ಬೆಳಿಗ್ಗೆ ಹೊರಡುತ್ತೇನೆಂದರು. ಗುರುವಾರ ಬೆಳಿಗ್ಗೆ ಅವರ ಫೋನು ಹತ್ತಲಿಲ್ಲ. ವಿಮಾನದಲ್ಲಿದ್ದರೂ ಹತ್ತುವುದಿಲ್ಲ, ಥಿಯೇಟರಿನಲ್ಲಿದ್ದರೂ ಹತ್ತುವುದಿಲ್ಲ. ಮೇಲಿನಿಂದ ಹಿಮ ಬೇರೆ ಸುರಿಯುತ್ತಿತ್ತು.

ಪಾಠ ಮುಗಿದು ಸ್ಕೀ ಬೂಟಿನಲ್ಲೇ ದಡದಡ ನಡೆಯುತ್ತಾ ಬಸ್ ನಿಲ್ದಾಣಕ್ಕೆ ಬಂದೆವು. ಜಿನೀವಾದಿಂದ ಒಂದು ಬಸ್ಸು ಬಂತು. ಎಲ್ಲರೂ ಇಳಿದರು, ಬಾಗಿಲು ಮುಚ್ಚಿತು. ಮಗಳು ನನ್ನ ಕಡೆ ತಿರುಗಿದಳು. ಅವಳ ಬಾಯಿಂದ ಏನು ಬರುತ್ತದೆಂದು ನನಗೆ ಗೊತ್ತಿತ್ತು.

"ಇನ್ನೊಂದು ಬಸ್ಸು ಐತಿ, ತಡಿ," ಎಂದೆ. ಇತ್ತೋ ಇಲ್ಲವೋ ನನಗೆ ನಿಜಕ್ಕೂ ತಿಳಿದಿರಲಿಲ್ಲ.

ಕಾಲು ಜೋಮು ಹಿಡಿಯುವಷ್ಟು ಹೊತ್ತು ನಿಂತೆವು. ಇನ್ನೊಂದು ಬಸ್ಸು ತಿರುವಿನಲ್ಲಿ ಕಂಡಿತು. ಒಬ್ಬೊಬ್ಬರೇ ಇಳಿದರು. ಎಲ್ಲರ ಹಿಂದೆ, ಆಸ್ಪತ್ರೆಗೆ ಹಾಕುವ ಅದೇ ಕಪ್ಪು ಚರ್ಮದ ಬೂಟಿನಲ್ಲಿ, ಎದೆಗೆ ಅತ್ತೆಯ ಸ್ಟೀಲ್ ಡಬ್ಬಿ ಅವುಚಿಕೊಂಡು ನನ್ನ ಗಂಡ ಬಾಗಿಲಲ್ಲಿ ನಿಂತರು. ಮಗಳನ್ನು ನೋಡಿ ನಕ್ಕು, ಒಂದು ಕಾಲು ಹಿಮದ ಮೇಲಿಟ್ಟರು. ಕಾಲು ಜಾರಿತು.

ನಾನು ಕದಲುವ ಮೊದಲೇ ಮಗಳು ಹೋಗಿ ಅವರ ಎರಡೂ ತೋಳು ಹಿಡಿದಿದ್ದಳು.

"ಮೊಣಕಾಲು ಮಡಚಪ್ಪಾ," ಎಂದಳು. "ಹಿಂದಕ್ಕೆ ವಾಲ್ಬೇಡ. ನನ್ನನ್ನೇ ನೋಡು."

ಅವರು ಮೊಣಕಾಲು ಮಡಚಿದರು.