ದಾರ ಕಂಡವರಿಗೆ ಒಂದು ಬೋಂಡ

ಬೆಂಗಳೂರಿನ ಸುಬ್ರಹ್ಮಣ್ಯಪುರದ ಬಾಡಿಗೆ ಮನೆಗೆ ಬಂದ ಮೊದಲ ಭಾನುವಾರ. ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಶುಂಠಿ ಜಜ್ಜುತ್ತಿದ್ದೆ. ತಲೆಯ ಮೇಲಿನ ಮನೆಯಲ್ಲಿ ಜನ ಒಟ್ಟಿಗೆ ಚೀರಿದರು: "ಸಿಡಿಲೇ, ಇಳಿದು ಬಾ!" ಹಿಂದೆಯೇ ಧಡಧಡ ಕಾಲಿನ ಸದ್ದು. ಯಾರೋ ಹೆಂಗಸು "ಹೊಡಿ ಅವ್ನಿಗೆ, ಬಿಡಬೇಡ" ಅಂದಳು. ಮಾಲೀಕರ ಮನೆಯಲ್ಲಿ ಹೊಡೆದಾಟ ಬಿದ್ದಿದೆ ಎಂದುಕೊಂಡು, ಶುಂಠಿ ಜಜ್ಜುವ ಕಲ್ಲು ಹಿಡಿದೇ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದೇ ಇತ್ತು. ತಲೆ ನೆರೆತ ಗಂಡಸೊಬ್ಬ ಬೆನ್ನಿಗೆ ಕೆಂಪು ಬೆಡ್‌ಶೀಟ್ ಕಟ್ಟಿಕೊಂಡು ದಿವಾನದ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದ. ಒಳ್ಳೆ ಕಾಟನ್ ಸೀರೆ ಉಟ್ಟ ಹೆಂಗಸೊಬ್ಬಳು ಟಿವಿಯ ಮೇಲೆ ಹಿಡಿ ಹಿಡಿ ಕಡ್ಲೆಪುರಿ ಎರಚುತ್ತಿದ್ದಳು. ಕಡ್ಲೆಪುರಿ ಅಂದರೆ ನಮ್ಮ ಗದಗಿನ ಕಡೆಯ ಚುರಮುರಿ. ಇಲ್ಲಿ ಚುರುಮುರಿ ಕೇಳಿದರೆ ಈರುಳ್ಳಿ, ಕ್ಯಾರೆಟ್ ಕಲಸಿದ ಬೇರೆಯದೇ ತಿಂಡಿ ಕೈಗೆ ಬರುತ್ತದೆ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಈಗ ಹಾರ್ತಾನೆ," ಅಂದ ಬೆಡ್‌ಶೀಟಿನವ, ನನ್ನ ಕೈಯ ಕಲ್ಲನ್ನು ನೋಡಿಯೂ ನೋಡದಂತೆ.

ಗದಗಿನಲ್ಲಿ ಕೂತು ಇದನ್ನು ಓದುವ ನನ್ನ ವಯಸ್ಸಿನವರಿಗೆ ಈಗಾಗಲೇ ಮೈ ಜುಮ್ಮೆಂದಿರಬೇಕು. ಹೌದು, ಅದೇ 'ಕ್ಯಾಪ್ಟನ್ ಸಿಡಿಲು'. ನಾವು ಚಿಕ್ಕವರಿದ್ದಾಗ ಓಣಿಗೊಂದೇ ಟಿವಿ ಇದ್ದ ಮನೆಯಲ್ಲಿ, ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ಕೂತು ನೋಡುತ್ತಿದ್ದ ಸೀರಿಯಲ್. ಬೆಳ್ಳಿ ಬಣ್ಣ ಬಳಿದ ಗಂಬೂಟು, ಕರ್ಟನ್ ಬಟ್ಟೆಯ ಕೇಪು, ಹೊಟ್ಟೆ ಸ್ವಲ್ಪ ಮುಂದೆ ಬಂದ ಹೀರೋ. ಸಿಡಿಲಿಗೆ ಬಲ್ಬು, ಗುಡುಗಿಗೆ ತಗಡು. ಆಗ ನಮಗೆ ಹೊಟ್ಟೆಯೂ ಕಾಣಲಿಲ್ಲ, ತಗಡೂ ಕೇಳಲಿಲ್ಲ. ಖಳನಾಯಕ ಅವನನ್ನು ಐಸಿನ ಕೋಣೆಯಲ್ಲಿ ಕೂಡಿ ಹಾಕಿದ ವಾರ ನಾನು ಊಟ ಬಿಟ್ಟು ಅತ್ತಿದ್ದೆ. ಇಲ್ಲಿ ನೋಡಿದರೆ ಇವರು ಅದೇ ದೃಶ್ಯಕ್ಕೆ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಸಿಟ್ಟು ಬಂತು. ಚಹಾ ಆರಿಹೋಗತೈತ್ರಿ ಅಂದು ಕೆಳಗೆ ಬಂದುಬಿಟ್ಟೆ.

ಆದರೂ ಮುಂದಿನ ಭಾನುವಾರ ಹೋದೆ. ಒಂಟಿ ಹೆಂಗಸಿಗೆ ಬೆಂಗಳೂರಿನ ಭಾನುವಾರ ಬಲು ಉದ್ದ.

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಗದಗಿನ ಅಂಗಡಿ ಮುಚ್ಚಿದಾಗ ಮಾಲೀಕರು ಜಯನಗರದಲ್ಲಿರುವ ತಮ್ಮ ನೆಂಟರ ಅಂಗಡಿಗೆ ಹೇಳಿ ಕಳಿಸಿದರು. ಮೊದಲು ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿದ್ದೆ. ಪಿ.ಜಿ. ಎಂದರೆ ಊಟ ಸಮೇತ ಬಾಡಿಗೆಗೆ ಸಿಗುವ ಒಂದು ಮಂಚ, ಕೋಣೆ ಎಂದು ತಿಳಿಯಬೇಡಿ. ಅಲ್ಲಿನ ಸಾರಿಗೆ ಬೆಲ್ಲ ಹಾಕುತ್ತಿದ್ದರು. ಖಾರ ಕೇಳಿದರೆ ಸಾಸ್ ಬಾಟಲಿ ತಂದಿಡುತ್ತಿದ್ದರು. ಅಂಗಡಿಯಲ್ಲಿ ನಾನು ಬಾಯಿ ತೆರೆದರೆ ಸಾಕು, "ಹುಬ್ಳಿ ಕಡೆಯವ್ರಾ?" ಗದಗರೀ ಅಂದರೆ, "ಅದೇ, ಹುಬ್ಳಿ ಕಡೆ." ಕೊನೆಗೆ ಹೂಂ ಅನ್ನುವುದನ್ನು ಕಲಿತೆ. ಎಷ್ಟಂತ ಜಗಳಾಡುವುದು?

ಸುಬ್ರಹ್ಮಣ್ಯಪುರದ ಈ ಮನೆ ಸಿಕ್ಕಿದ್ದು ನನ್ನ ಪುಣ್ಯ. ಮಾಲೀಕರು ಮುನಿರಾಜಣ್ಣ. ಈ ಕಡೆಯ ಹಳೇ ಊರಿನವರು, ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದವರು, ಈಗ ಮೂರು ಅಂತಸ್ತಿನ ಬಾಡಿಗೆ ಮನೆಗಳನ್ನು ನೋಡಿಕೊಂಡಿರುವವರು. ಮಿತಭಾಷಿ. ಅವರ ಹೆಂಡತಿ ಲಕ್ಷ್ಮಮ್ಮ ಆ ಲೆಕ್ಕವನ್ನೂ ಸೇರಿಸಿ ಮಾತಾಡುತ್ತಾರೆ. "ಒಂಟಿ ಹೆಣ್ಣು ಏನ್ ತಿಂತೀಯೋ ಏನೋ" ಎಂದು ಮೊದಲ ದಿನವೇ ಮುದ್ದೆ, ಸೊಪ್ಪಿನ ಸಾರು ಕಳಿಸಿದರು. ನಾನು ರೊಟ್ಟಿಯಂತೆ ಮುರಿದು ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡೆ. "ಅಗೀಬಾರ್ದು ಕಣಮ್ಮ, ನುಂಗ್ಬೇಕು," ಅಂದರು. ಈ ಊರಲ್ಲಿ ಬಹಳಷ್ಟನ್ನು ಹಾಗೆಯೇ ನುಂಗಬೇಕು ಅಂತ ಆಮೇಲೆ ತಿಳಿಯಿತು.

ಮೇಲಿನ ಗುಂಪಿನ ಬೆಡ್‌ಶೀಟಿನವರು ಶ್ರೀಧರ್, ಹನುಮಂತನಗರದವರು, ಬ್ಯಾಂಕಿನಲ್ಲಿ ಕೆಲಸ. ಕಡ್ಲೆಪುರಿ ಎರಚುವವರು ವೀಣಾ ಮೇಡಂ, ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಜೊತೆಗೆ ಬಿಟಿಎಂನಿಂದ ಬೈಕಿನಲ್ಲಿ ಬರುವ ಚೇತನ್; ಅವನ ಬಾಯಲ್ಲಿ ಎಲ್ಲವೂ ಸಖತ್, ಎಲ್ಲರೂ ಗುರು. ಇವರನ್ನೆಲ್ಲ ಇಲ್ಲಿಗೆ ಎಳೆದದ್ದು ಮುನಿರಾಜಣ್ಣನ ಕಪಾಟಿನ ಹಳೇ ವೀಡಿಯೋ ಕ್ಯಾಸೆಟ್‌ಗಳು. ಮೊದಲ ಹೊಲ ಮಾರಿದಾಗ ಅವರು ಕೊಂಡದ್ದೇ ಟಿವಿ ಮತ್ತು ವಿಸಿಆರ್. ಕ್ಯಾಪ್ಟನ್ ಸಿಡಿಲನ್ನು ವಾರ ವಾರವೂ ರೆಕಾರ್ಡ್ ಮಾಡಿಟ್ಟಿದ್ದರು, ನಡುವಿನ ಸೋಪಿನ ಜಾಹೀರಾತುಗಳ ಸಮೇತ. ಆ ಸೀರಿಯಲ್ ಬೇರೆಲ್ಲೂ ಸಿಗುವುದಿಲ್ಲ ಎಂದು ಚೇತನ್ ಆಣೆ ಮಾಡಿ ಹೇಳುತ್ತಾನೆ.

ಗುಂಪಿಗೆ ಒಂದು ಆಟವಿತ್ತು. ಹೀರೋ ಹಾರುವಾಗ ಅವನನ್ನು ಮೇಲಿನಿಂದ ಎಳೆದ ದಾರ ಕೆಲವೊಮ್ಮೆ ಕಾಣುತ್ತದೆ. ಮೊದಲು ಕಂಡವರು "ದಾರ!" ಎಂದು ಕೂಗಬೇಕು. ಅವರಿಗೆ ಲಕ್ಷ್ಮಮ್ಮ ಬಾಣಲೆಯಿಂದ ಒಂದು ಬಿಸಿ ಬೋಂಡ ಹೆಚ್ಚಿಗೆ ಹಾಕುತ್ತಾರೆ. ಎರಡನೇ ಭಾನುವಾರ ಎಲ್ಲರಿಗಿಂತ ಮೊದಲು ನಾನೇ ಕೂಗಿದೆ. "ಹುಬ್ಳಿ ಮೇಡಂ ಕಣ್ಣು ಸೂಪರ್ ಗುರು!" ಅಂದ ಚೇತನ್. "ಗದಗ," ಅಂದೆ, ಬೋಂಡ ಬಾಯಲ್ಲಿಟ್ಟುಕೊಂಡೇ. ಅವತ್ತಿನಿಂದ ಅಲ್ಲಿ ನಾನು ಗದಗಿನ ಮೇಡಂ. ಈ ಊರಿನಲ್ಲಿ ನಾನು ಗೆದ್ದ ಮೊದಲ ಗೆಲುವು ಅದು.

ಮುನಿರಾಜಣ್ಣ ಮಾತ್ರ ದಾರದ ಆಟ ಆಡುತ್ತಿರಲಿಲ್ಲ. ಅವರು ಹೀರೋನನ್ನು ನೋಡುತ್ತಲೇ ಇರಲಿಲ್ಲ. ಅವರ ದೃಷ್ಟಿ ಪರದೆಯ ಅಂಚಿನಲ್ಲಿ. ಒಂದು ದಿನ ಕೇಳಿದೆ. "ಅದು ನಮ್ ಹೊಲ ಕಣಮ್ಮ," ಅಂದರು. ಆ ಸೀರಿಯಲ್ಲಿನ ಕಲ್ಲುಗುಂಡಿ, ಬಯಲು, ಹುಣಸೆಮರ ಎಲ್ಲವೂ ಇಲ್ಲಿಯದೇ, ಈ ಮನೆ ನಿಂತ ಜಾಗದ ಸುತ್ತಲಿನದೇ. ಹೊರಗೆ ಟ್ಯಾಂಕರ್ ಹಾರ್ನ್ ಹೊಡೆಯುತ್ತಿತ್ತು, ಒಳಗೆ ಟಿವಿಯಲ್ಲಿ ಅದೇ ಜಾಗದಲ್ಲಿ ರಾಗಿ ತೂಗುತ್ತಿತ್ತು. "ನೀನಾದ್ರೆ ಬಸ್ ಹತ್ತಿ ಬಂದೆ. ವಾಪಸ್ ಹೋದ್ರೆ ನಿಮ್ಮೂರು ಅಲ್ಲೇ ಇರ್ತೈತೆ. ನಾನು ಕೂತಲ್ಲೇ ಕೂತಿದ್ದೆ, ಊರೇ ಎದ್ದು ಹೋಯ್ತು," ಅಂದರು.

ಆಮೇಲೆ ಬಂತು ಲೋಹಾಸುರನ ಎಪಿಸೋಡು. ತಗಡಿನ ರಾಕ್ಷಸನೊಬ್ಬ ಹಳ್ಳಿಯವರನ್ನು ಅಟ್ಟಿಸಿಕೊಂಡು ಬರುತ್ತಾನೆ. ಕ್ಯಾಸೆಟ್ ಅಲ್ಲಿಗೆ ಬರುತ್ತಲೇ ಶ್ರೀಧರ್ ಬೆಡ್‌ಶೀಟ್ ಬಿಚ್ಚಿ ಕೂತರು, ವೀಣಾ ಮೇಡಂ ಪುರಿಯ ಬಟ್ಟಲು ಕೆಳಗಿಟ್ಟರು. ಆ ದೃಶ್ಯಕ್ಕೆ ಯಾರೂ ಕೂಗಬಾರದು, ಅದು ಗುಂಪಿನ ನಿಯಮ. ಊರಿನವರು ಓಡುತ್ತಾರೆ. ಪರದೆಯ ಬಲ ಅಂಚಿನಿಂದ ಲಂಗದ ಹುಡುಗಿಯೊಬ್ಬಳು ಓಡಿ ಬಂದು, ಒಮ್ಮೆ ಹಿಂತಿರುಗಿ ರಾಕ್ಷಸನನ್ನು ನೋಡಿ, ಹೆದರುವುದನ್ನು ಬಿಟ್ಟು ಕಿಸಕ್ಕನೆ ನಕ್ಕು ಓಡಿಹೋಗುತ್ತಾಳೆ. ಅಷ್ಟೇ.

ಅವಳು ಮುನಿರಾಜಣ್ಣನ ತಂಗಿ ಜಯ. ಶೂಟಿಂಗಿಗೆ ಊರಿನವರನ್ನೇ ಓಡಿಸಿದ್ದರಂತೆ. ಲೋಹಾಸುರನ ತಗಡಿನ ಡಬ್ಬದೊಳಗೆ ಇದ್ದದ್ದು ಸ್ವತಃ ಮುನಿರಾಜಣ್ಣ. ಅಣ್ಣನ ವೇಷ ನೋಡಿ ನಗು ತಡೆಯಲಾಗದೆ ಅವಳು ನಕ್ಕದ್ದು. ಮರುವರ್ಷ ಜ್ವರದಲ್ಲಿ ತೀರಿಕೊಂಡಳು. ಮನೆಯಲ್ಲಿ ಅವಳದೊಂದು ಫೋಟೋ ಇಲ್ಲ. "ಡಬ್ಬದಲ್ಲಿ ನೋಡಕ್ಕೆ ಒಂದು ತೂತು ಇತ್ತು, ಇಷ್ಟೇ ಇಷ್ಟು. ಅವ್ಳು ನಕ್ಕಿದ್ದು ನಂಗೆ ಆಗ ಕಾಣಲೇ ಇಲ್ಲ. ಟಿವೀಲೇ ಮೊದಲು ನೋಡಿದ್ದು," ಅಂದರು.

ಅವತ್ತು ದೃಶ್ಯ ಮುಗಿದು ಹೋದ ಮೇಲೆ ಅವರು ಕೇಳಿದರು: "ಬಂದ್ಲಾ?"

ಎಲ್ಲರೂ ತಮಾಷೆ ಎಂದುಕೊಂಡರು. ನನಗೆ ಹಾಗನ್ನಿಸಲಿಲ್ಲ. ಪಕ್ಕದಲ್ಲಿಟ್ಟ ಕಾಫಿ ಲೋಟವನ್ನು ಅವರು ಎರಡು ಸಲ ಕೈತಾಗಿ ಉರುಳಿಸಿದ್ದನ್ನು ನೋಡಿದ್ದೆ. ಎಲ್ಲರೂ ಹೋದ ಮೇಲೆ ಎದುರಿಗೆ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ನನ್ನ ಬೆರಳನ್ನು ಪಕ್ಕದಿಂದ ನಿಧಾನವಾಗಿ ತಂದೆ. ಕಂಡಾಗ ಹೇಳಿ ಅಂದೆ. ಬೆರಳು ಅವರ ಮೂಗಿನ ನೇರಕ್ಕೆ ಬರುವವರೆಗೂ ಹೇಳಲಿಲ್ಲ. ಇನ್ನೊಂದು ಕಣ್ಣೂ ಹಾಗೆಯೇ.

"ಹಿಂದ ಯಾವಾಗರ ಡಾಕ್ಟರು ಕಣ್ಣಿಗೆ ಹನಿ ಕೊಟ್ಟಿದ್ರೇನ್ರಿ?"

"ಕೊಟ್ಟಿದ್ರು. ಉರೀತಿತ್ತು. ಹಾಕ್ಕೊಂಡ್ರೂ ಏನೂ ಜಾಸ್ತಿ ಕಾಣ್ಲಿಲ್ಲ, ಬಿಟ್ಬಿಟ್ಟೆ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆ ಹನಿ ದೃಷ್ಟಿ ಹೆಚ್ಚಿಸುವುದಕ್ಕಲ್ಲ, ಇರುವುದನ್ನು ಉಳಿಸುವುದಕ್ಕೆ. ಗ್ಲಾಕೋಮಾ ಹಾಗೆಯೇ, ನೋವಿಲ್ಲ, ಸದ್ದಿಲ್ಲ, ಅಂಚಿನಿಂದ ತಿನ್ನುತ್ತಾ ಬರುತ್ತದೆ. ಈ ಮನುಷ್ಯ ನೋಡುತ್ತಿದ್ದದ್ದೇ ಅಂಚನ್ನು! ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಮರುದಿನವೇ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಹೋದದ್ದು ಬರುವುದಿಲ್ಲ, ಉಳಿದದ್ದೂ ಎಷ್ಟು ಕಾಲವೋ ಹೇಳಲಾಗುವುದಿಲ್ಲ ಎಂದರು. ನನಗೆ ಮೊದಲೇ ಗೊತ್ತಿದ್ದ ಮಾತು. ಗೊತ್ತಿದ್ದು ಏನು ಬಂತು? ಆಟೋದಲ್ಲಿ ವಾಪಸ್ ಬರುವಾಗ ಅವರು ಕೇಳಿದ್ದು ಒಂದೇ: "ಅವ್ಳನ್ನ ಇನ್ನೊಂದ್ ಸಲ ಸರಿಯಾಗಿ ನೋಡ್ಬೋದಾ?"

ಗುಂಪಿನವರು ದೊಡ್ಡ ಟಿವಿ ತರುತ್ತೇವೆ ಅಂದರು. ಬೇಡ ಅಂದೆ. ಕಾಣುವ ಕಿಂಡಿ ಸಣ್ಣದಾದವರಿಗೆ ಚಿತ್ರವೂ ಸಣ್ಣದಿರಬೇಕು, ದೂರವಿರಬೇಕು. ಆಗ ಅಂಚೂ ಕಿಂಡಿಯೊಳಗೆ ಬರುತ್ತದೆ. ಶ್ರೀಧರ್ ತಮ್ಮ ಮನೆಯ ಅಟ್ಟದಿಂದ ಹಳೇ ಪುಟ್ಟ ಟಿವಿ ಹೊತ್ತು ತಂದರು. ಅದನ್ನು ಹಜಾರದ ಒಂದು ತುದಿಗಿಟ್ಟು, ಮುನಿರಾಜಣ್ಣನನ್ನು ಇನ್ನೊಂದು ತುದಿಯ ಬಾಗಿಲ ಬಳಿ ಕೂರಿಸಿದೆವು. ಲೋಹಾಸುರ ಬಂದ. ಊರು ಓಡಿತು.

"ಬಂದ್ಲು!" ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ನಕ್ಳು! ನಗ್ತಾವ್ಳೆ ನೋಡ್ರೋ!"

ಲಕ್ಷ್ಮಮ್ಮ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿ ಬಂದು ಅತ್ತರು. ಅವತ್ತು ದಾರ ಕಾಣದವರಿಗೂ ಬೋಂಡ. ನನಗೆ ಊರು ಬಿಟ್ಟು ಬಂದದ್ದು ಮೊದಲ ಸಲ ಸಾರ್ಥಕವೆನಿಸಿತು.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಬೇಕಾದ ಕೇಬಲ್ ಮುಂದಿನ ಭಾನುವಾರ ತರುತ್ತೇನೆ ಎಂದ ಚೇತನ್. ಆ ವಾರ ಅಷ್ಟು ದಿನವೂ ಮುನಿರಾಜಣ್ಣ ಬಾಗಿಲ ಬಳಿ ಕೂತು ಅವಳನ್ನು ನೋಡಿದರು. ಅವಳು ಓಡಿಹೋದ ಕೂಡಲೇ ಹಿಂದಕ್ಕೆ ತಿರುಗಿಸುವುದು, ಮತ್ತೆ ಓಡಿಸುವುದು. ಕೆಳಗೆ ಕೂತ ನನಗೆ ಆ ಗರಗರ ಸದ್ದು ಕೇಳುತ್ತಿತ್ತು. ಸಾಕು ಮಾಡಿ ಎಂದು ಯಾವ ಬಾಯಿಯಲ್ಲಿ ಹೇಳಲಿ? ಶನಿವಾರ ವಿಸಿಆರ್ ಕ್ಯಾಸೆಟ್ಟನ್ನು ನುಂಗಿತು. ಟೇಪು ಒಳಗೆ ಸುತ್ತಿ, ಮುದುಡಿ, ಹರಿಯಿತು. ಸರಿಯಾಗಿ ಅದೇ ಜಾಗದಲ್ಲಿ.

ಶ್ರೀಧರ್ ಬಂದು ನೆಲದ ಮೇಲೆ ಪೇಪರ್ ಹಾಸಿ, ಮುದುಡಿದ ತುಂಡನ್ನು ಕತ್ತರಿಸಿ, ಉಳಿದದ್ದನ್ನು ಅಂಟಿಸಿದರು. ಚೇತನ್ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದ, ಅದರಲ್ಲಿ ಏನೂ ಕಾಣುವುದಿಲ್ಲ ಎಂದು ಗೊತ್ತಿದ್ದೂ. ಯಾರಿಗೆ ಬೈಯುವುದು? "ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಬಿಡಿ," ಅಂದು ವೀಣಾ ಮೇಡಂ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದರು. ಮುನಿರಾಜಣ್ಣ ಬಾಗಿಲ ಬಳಿ ಎಲ್ಲವನ್ನೂ ಕೇಳಿಸಿಕೊಂಡು ಕೂತಿದ್ದರು.

ಈಗ ಆ ಎಪಿಸೋಡಿನಲ್ಲಿ ಲೋಹಾಸುರ ಬರುತ್ತಾನೆ, ಪರದೆ ಒಮ್ಮೆ ಜಿಗಿಯುತ್ತದೆ, ಬಯಲು ಖಾಲಿಯಾಗಿರುತ್ತದೆ. ಆದರೂ ಮುನಿರಾಜಣ್ಣ ಅದನ್ನೇ ಹಾಕಿಸುತ್ತಾರೆ, ನಿಯಮದಂತೆ ಎಲ್ಲರೂ ಸುಮ್ಮನಿರುತ್ತೇವೆ. ಈಗ ಅವರಿಗೆ ಎದುರಿಗಿರುವ ಮುಖವೂ ಮಸುಕು. "ಆ ಡಬ್ಬದೊಳಗೆ ಕೂತಂಗೈತೆ ಕಣಮ್ಮ, ತೂತೂ ಮುಚ್ಕೋತಾ ಐತೆ," ಅನ್ನುತ್ತಾರೆ. ಪರದೆ ಜಿಗಿದ ಮೊದಲ ಸಲ, ಕ್ಯಾಸೆಟ್ ನಿಲ್ಲಿಸಲು ಹೇಳಿ, ನನ್ನ ಕಡೆ ತಿರುಗಿದರು.

"ಗದಗಿನಮ್ಮ, ನಿನ್ ಕಣ್ಣು ಚೆನ್ನಾಗೈತೆ. ನೀನು ಹೇಳು."

ನಾನು ಬೆಂಗಳೂರಿನ ಮಾತಿನಲ್ಲಿ ಶುರು ಮಾಡಿದೆ, ನಾಲಿಗೆ ಏಳಲಿಲ್ಲ. ನಮ್ಮ ಮಾತೇ ಬಂತು. "ಬಂದ್ಲರಿ. ಬಲಗಡಿಂದ ಬಂದ್ಲು. ಜಡಿ ಹಾರಾಕತ್ತೈತಿ, ಲಂಗ ಒಂದ್ ಕೈಯಾಗ ಎತ್ತಿ ಹಿಡದಾಳ. ಈಗ ಹೊಳ್ಳಿ ನಿಮ್ಮನ್ನ ನೋಡಿದ್ಲು. ನಕ್ಕಳ್ರಿ."

"ಕೆಂಪು ಲಂಗ," ಅಂದರು ಶ್ರೀಧರ್ ಮೆಲ್ಲಗೆ. "ಇಲ್ಲ, ನೀಲಿ," ಅಂದರು ವೀಣಾ ಮೇಡಂ. ಹಳೇ ಟೇಪಿನಲ್ಲಿ ಬಣ್ಣವೆಲ್ಲ ಕಲಸಿಹೋಗಿತ್ತು, ನಾವ್ಯಾರೂ ಸರಿಯಾಗಿ ಕಂಡಿರಲಿಲ್ಲ.

"ಹಸಿರು," ಅಂದರು ಮುನಿರಾಜಣ್ಣ. "ನಾನೇ ತಂದ್ಕೊಟ್ಟಿದ್ದು."

ಮೊನ್ನೆ ಪಂಚಮಿ ಹಬ್ಬಕ್ಕೆ ಗದಗಿಗೆ ಹೋಗಿದ್ದೆ. ಅವ್ವ ಶೇಂಗಾ ಉಂಡಿ ಕಟ್ಟುತ್ತಿದ್ದಳು, ನಾನು ಎಳ್ಳು ಹುರಿಯುತ್ತಿದ್ದೆ. "ಸಾರಿಗೆ ಬೆಲ್ಲ ಹಾಕೂದು ಕಲ್ತಿ, ಮಾತೂ ಮೆತ್ತಗಾಗ್ಯಾವ," ಎಂದು ಓಣಿಯವರೆಲ್ಲ ಕಾಡಿಸಿದ್ದರು. ಅವತ್ತು ಭಾನುವಾರ. ಫೋನ್ ಬಂತು, ಲಕ್ಷ್ಮಮ್ಮ. "ಹಬ್ಬದ ದಿನ ತೊಂದ್ರೆ ಕೊಡ್ತಾ ಇದೀನಿ ಕಣಮ್ಮ. ಆ ಎಪಿಸೋಡ್ ಹಾಕವ್ರೆ. ಶ್ರೀಧರಪ್ಪ ಹೇಳಿದ್ರೆ ಆಗಲ್ವಂತೆ, ನೀನೇ ಹೇಳ್ಬೇಕಂತೆ."

ಎಳ್ಳು ಕೆಳಗಿಳಿಸಿ, ನಮ್ಮ ಮನೆಯ ಹೊಸ್ತಿಲ ಮೇಲೆ ಕೂತೆ. ಕಣ್ಣು ಮುಚ್ಚಿದೆ. ಎದುರಿಗೆ ನಮ್ಮ ಓಣಿ ಇತ್ತು. ನನಗೆ ಕಂಡದ್ದು ರಾಗಿ ಹೊಲ, ಹುಣಸೆಮರ, ನಾನು ಒಮ್ಮೆಯೂ ಕಾಲಿಡದ ಆ ಬಯಲು. "ಬಂದ್ಲರಿ," ಅಂದೆ. "ಹಸರು ಲಂಗ. ಹೊಳ್ಳಿ ನಿಮ್ಮನ್ನ ನೋಡಿದ್ಲು." ಆ ಕಡೆಯಿಂದ ಮುನಿರಾಜಣ್ಣ ನಕ್ಕರೋ ಅತ್ತರೋ ತಿಳಿಯಲಿಲ್ಲ. ಫೋನ್ ಇಟ್ಟೆ.

ಅವ್ವ ಉಂಡಿ ಕಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. "ಯಾರಬೇ ಆ ಹುಡಿಗಿ?"

"ನಮ್ಮೂರಾಕಿ," ಅಂದೆ.

"ನಮ್ಮೂರಾಗ ಅಂಥಾಕಿ ಯಾರದಾಳ?" ಅಂದಳು ಅವ್ವ.