ಸಾಲಿನಲ್ಲಿ ಮೂರನೆಯ ಡಬ್ಬಿ

ಇವತ್ತು ಮುಂಜಾನೆ ಅಣ್ಣಿಗೇರಿಯಲ್ಲಿ ಜೋಳ ಬೀಸಿಸಿಕೊಂಡು ಬರುವಾಗ, ಬಿಸಿ ಹಿಟ್ಟಿನ ವಾಸನೆ ನನ್ನನ್ನು ಬಾಲ್ಯದ ದಿನಗಳ ಅಪ್ಪನ ಗಿರಣಿಗೇ ಎಳೆದೊಯ್ದಿತು.

ಅಲ್ಲಿ ಜನ ಡಬ್ಬಿಗಳನ್ನು ಸಾಲಿಗಿಟ್ಟು ಪಾಳಿ ಕಾಯುತ್ತಿದ್ದರು. ದಲಿತರ ಡಬ್ಬಿ ಮಾತ್ರ ಹೊರಗೆ. ಎಲ್ಲರದೂ ಮುಗಿದ ಮೇಲೆ ಅವರದು. ಸಾಲು ಕಾಯುವ ಅಧಿಕಾರ ಹತ್ತು ವರ್ಷದ ನನ್ನದು. ನಾನು ಭಾಳ ಕಟ್ಟುನಿಟ್ಟು.

ಒಂದು ದಿನ ದಲಿತರ ಕೇರಿಯ ಫಕೀರಪ್ಪ ಒಳಗೆ ಬಂದು ತಮ್ಮ ಡಬ್ಬಿಯನ್ನು ಸಾಲಿನಲ್ಲಿ ಮೂರನೆಯದಾಗಿ ಇಟ್ಟರು. ನಾನು ಎತ್ತಿ ಹೊರಗಿಟ್ಟೆ. ಅವರು ಮತ್ತೆ ತಂದಿಟ್ಟರು.

"ಲೇ ಫಕೀರಪ್ಪಾ, ನಿನ್ನ ಜಾಗಾ ಹೊರಗ ಐತಿ" ಅಂದೆ. ದಲಿತರಾದರೆ ಅಪ್ಪನ ವಯಸ್ಸಿನವರಿಗೂ ಹಾಗೆ ಅನ್ನುವುದು ನಮ್ಮ ಮನೆಯ ರೂಢಿ.

"ಯಾಕವ್ವಾ, ನನ್ನ ಜ್ವಾಳಕ್ಕ ಕಾಲು ಬಂದಾವೇನು, ತಾನ ಎದ್ದು ಹೋಗಾಕ?"

ಅಪ್ಪ ಮಷೀನು ನಿಲ್ಲಿಸಿದ. "ಹಂಗಾದ್ರ ಇವತ್ತ ಯಾರದೂ ಬೀಸೂದಿಲ್ಲ."

"ಅಡ್ಡಿಯಿಲ್ರಿ. ನಮಗ ಕಡೀಕ ಉಣ್ಣೂದು ರೂಢಿ ಐತಿ. ಇವರ ಹಸಿವಿ ನೀವ ನೋಡ್ಕೋರಿ."

ಮಧ್ಯಾಹ್ನದ ಹೊತ್ತಿಗೆ ಉಳಿದವರೇ ಅಪ್ಪನ ಮೇಲೆ ರೇಗಿದರು. ಮಷೀನು ಶುರುವಾಯಿತು. ಮೂರನೆಯ ಪಾಳಿ ಫಕೀರಪ್ಪನವರದೇ ಆಯಿತು.

ಮುಂದೆ ಅವರು ಕೆರೆ, ಗುಡಿ, ಕೂಲಿ ಅಂತ ಹೋರಾಡಿ ಸುತ್ತಲ ಹಳ್ಳಿಗಳಿಗೆಲ್ಲ ನಾಯಕರಾದರು. ನಿನ್ನೆ ಅವರ ಶ್ರದ್ಧಾಂಜಲಿ ಸಭೆಯಲ್ಲಿ ಮೈಕು ನನ್ನ ಕೈಗೂ ಬಂತು. "ನಮ್ಮ ಗಿರಣಿಯಲ್ಲಿ ಎಂದೂ ಭೇದ ಇರಲಿಲ್ಲ" ಅಂದುಬಿಟ್ಟೆ. ಚಪ್ಪಾಳೆ ಬಿತ್ತು.

ಕೆಳಗಿಳಿದಾಗ ಅವರ ಹೆಂಡತಿ ನನ್ನ ಕೈ ಹಿಡಿದರು. "ಛಲೋ ಮಾತಾಡಿದ್ರಿ, ಅಕ್ಕಾರ. ಅವ್ರು ಇದ್ದಿದ್ರ ನಗತಿದ್ರು."

ಭೇದ ಇತ್ತು. ಮಾಡಿದವರಲ್ಲಿ ನಾನೂ ಒಬ್ಬಳು. ಆ ಹೆಣ್ಣುಮಗಳ ಎದುರಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದು ಸಸ್ತಾ, ಅದೂ ಗೊತ್ತು.